ಸ್ಟೋರೇಜ್ ರೂಮಿನಲ್ಲಿ 18 ತಿಂಗಳು ಮನೆ ಸಾಮಾನು: ತುಮಕೂರಿನ ನಮ್ಮ ಅನುಭವ

ಇದೇ ವಿಮರ್ಶೆಯನ್ನು 2023ರ ಡಿಸೆಂಬರ್‌ನಲ್ಲಿ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು ಕೊಡುತ್ತಿದ್ದೇನೆ. ರೂಮು ಅದೇ, ಬೀಗ ಅದೇ, ನೋಡಿಕೊಳ್ಳುವ ಹುಡುಗರೂ ಅವರೇ. ನಡುವೆ ಒಂದು ಒಳ್ಳೆ ಮಳೆಗಾಲ ಬಂತು, ಅಷ್ಟೇ.

ಚಿಕ್ಕಪೇಟೆಯಲ್ಲಿ ನಮ್ಮದು ಹಳೆ ಮನೆ. ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿ. ಮಳೆ ಹಿಡಿದರೆ ಮೂರು ಕಡೆ ಪಾತ್ರೆ ಇಡಬೇಕಿತ್ತು. ಕೆಡವಿ ಹೊಸದಾಗಿ ಕಟ್ಟೋಣ ಅಂತ ತೀರ್ಮಾನ ಆಯಿತು. ಮೇಸ್ತ್ರಿ ಹತ್ತು ತಿಂಗಳು ಅಂದರು, ಆಗಿದ್ದು ಹದಿನೆಂಟು. ಅಷ್ಟು ದಿನ ಎಸ್.ಎಸ್. ಪುರಂನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ನಾವಿಬ್ಬರು, ಮಗ, ಅತ್ತೆ. ಆಷಾಢ ಬರುವುದರೊಳಗೆ ಮನೆ ಬಿಡಬೇಕು ಅಂತ ಅತ್ತೆ ಹೇಳಿದ್ದರಿಂದ 2023ರ ಮೇ ಕೊನೆಗೆ ಸಾಮಾನು ಹೊರಗೆ ಬಂತು. ಎರಡು ಬೀರು, ಸೋಫಾ, ಊಟದ ಟೇಬಲ್, ಎರಡು ಮಂಚ, ವಾಷಿಂಗ್ ಮೆಷಿನ್, ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆ, ಅತ್ತೆಯ ತವರಿನಿಂದ ಬಂದ ಹಲಸಿನ ಮರದ ಪೆಟ್ಟಿಗೆ, ಮಗ ಮಲಗಿದ್ದ ತೊಟ್ಟಿಲು. ಇದರ ಜೊತೆಗೆ 64 ರಟ್ಟಿನ ಬಾಕ್ಸ್. ಬಾಡಿಗೆ ಮನೆಯಲ್ಲಿ ಇದರ ಕಾಲು ಭಾಗವೂ ಹಿಡಿಯುತ್ತಿರಲಿಲ್ಲ.

"ಮನೆ ಸಾಮಾನು ತಗೊಂಡು ಹೋಗಿ ಯಾರದೋ ಶೆಡ್ಡಲ್ಲಿ ಇಡೋದೇನಮ್ಮಾ?" ಅಂತ ಅತ್ತೆ ಕೇಳಿದರು. ಅವರಿಗೆ ಅದು ಸಂಕಟವೇ ಆಗಿತ್ತು. ನೆಂಟರ ಮನೆಗಳಲ್ಲಿ ಹಂಚಿ ಇಡೋಣ ಅಂತ ಅವರ ಆಸೆ. ತಿಂಗಳುಗಟ್ಟಲೆ ಒಬ್ಬರ ಹಜಾರದಲ್ಲಿ ನಮ್ಮ ಬೀರು ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ.

ಮೂರು ಜಾಗ ನೋಡಿದೆವು. ಮೊದಲನೆಯದು ನೆಲಮಂಗಲದ ಕಡೆ. ಅವರೇ ಮನೆಗೆ ಬಂದು ಪ್ಯಾಕ್ ಮಾಡಿ, ಒಂದೊಂದಕ್ಕೂ ಚೀಟಿ ಅಂಟಿಸಿ, ತಮ್ಮ ದೊಡ್ಡ ಗೋಡೌನಿಗೆ ಒಯ್ಯುತ್ತಾರೆ. ನಾವು ಏನಾದರೂ ವಾಪಸ್ ಬೇಕು ಅಂದರೆ ಎರಡು ದಿನ ಮೊದಲೇ ಹೇಳಬೇಕು, ಪ್ರತಿ ಸಲವೂ ಹಣ ಕಟ್ಟಬೇಕು. ಬೇರೆ ಊರಿಗೆ ವರ್ಗ ಆದವರಿಗೆ ಇದು ಒಳ್ಳೆಯದೇ. ಊರಲ್ಲೇ ಇರುವ ನಮಗೆ ಆಗಾಗ ಹೋಗಿ ನೋಡುವ ಹಾಗಿರಬೇಕಿತ್ತು. ಎರಡನೆಯದು ಪರಿಚಯದವರ ಗೋಡೌನು. ತಿಂಗಳಿಗೆ ಬರೀ 1,500. ಆದರೆ ಪಕ್ಕದಲ್ಲೇ ರಾಗಿ ಮೂಟೆ, ಕೊಬ್ಬರಿ ಚೀಲ. ಗೋಡೆ ಅಂಚಿನಲ್ಲಿ ಇಲಿ ಹಿಕ್ಕೆ ಕಂಡಿತು. ಅಲ್ಲಿಗೆ ಮಾತು ಮುಗಿಯಿತು.

ಮೂರನೆಯದನ್ನು ಹಿಡಿದೆವು. ಊರ ಹೊರಗೆ ಹೆದ್ದಾರಿ ಪಕ್ಕ, ಸಾಲಾಗಿ ರೂಮುಗಳು, ಪ್ರತಿಯೊಂದಕ್ಕೂ ರೋಲಿಂಗ್ ಶಟರ್. ನಮ್ಮದು ಹತ್ತಕ್ಕೆ ಹತ್ತು, 100 ಚದರ ಅಡಿ. ಬೀಗ ನಮ್ಮದೇ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಯಾವಾಗ ಬೇಕಾದರೂ ಹೋಗಬಹುದು, ಭಾನುವಾರವೂ ಸೇರಿ. ಸಿಸಿಟಿವಿ ಇತ್ತು. ಒಳಗೆ ಬಣ್ಣ ಬಳಿದು ಚೆನ್ನಾಗಿ ಇಟ್ಟಿದ್ದರು.

ನಾನು ಬಾಡಿಗೆ ಕೇಳಿದೆ, ಬೀಗ ಕೇಳಿದೆ, ಕ್ಯಾಮೆರಾ ಕೇಳಿದೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಕೇಳಲಿಲ್ಲ. ಹೆದ್ದಾರಿ ಎತ್ತರದಲ್ಲಿತ್ತು, ಕಟ್ಟಡ ತಗ್ಗಿನಲ್ಲಿತ್ತು. ರೂಮಿನ ನೆಲವೂ ಹೊರಗಿನ ಅಂಗಳವೂ ಒಂದೇ ಮಟ್ಟ, ಶಟರ್ ಕೆಳಗೆ ಹೊಸಿಲು ಅಂತ ಒಂದು ಇಂಚೂ ಇಲ್ಲ. ಇದೆಲ್ಲ ಕಣ್ಣೆದುರಿಗೇ ಇತ್ತು.

2023ರಲ್ಲಿ ಇದು ಗೊತ್ತಾಗುವ ಹಾಗೂ ಇರಲಿಲ್ಲ. ಆ ವರ್ಷ ಮಳೆಯೇ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ನಾನು ತಿಂಗಳಿಗೊಮ್ಮೆ ಹೋಗಿ ಶಟರ್ ಎತ್ತಿ ನೋಡುತ್ತಿದ್ದೆ. ಸ್ವಲ್ಪ ಧೂಳು, ಅಷ್ಟೇ. ಇಲಿ ಇಲ್ಲ, ಗೆದ್ದಲು ಇಲ್ಲ. ಕೇಳಿದವರಿಗೆಲ್ಲ ಇದೇ ಜಾಗ ಹೇಳುತ್ತಿದ್ದೆ.

ಬೇಸಿಗೆಯಲ್ಲಿ ಮೊದಲ ತೊಂದರೆ ಕಾಣಿಸಿತು. ಮೇಲೆ ಜಿಂಕ್ ಶೀಟು, ಅದರ ಕೆಳಗೆ ತೆಳು ಸೀಲಿಂಗ್. 2024ರ ಏಪ್ರಿಲ್‌ನಲ್ಲಿ ಮಧ್ಯಾಹ್ನ ಹೋದಾಗ ಒಳಗೆ ಐದು ನಿಮಿಷ ನಿಲ್ಲುವುದು ಕಷ್ಟವಾಯಿತು. ಬಾಕ್ಸಿಗೆ ಹಾಕಿದ್ದ ಟೇಪಿನ ಅಂಟು ಕರಗಿ ಕೆಲವು ಬಿಚ್ಚಿಕೊಂಡಿದ್ದವು. ಟಿವಿ ಇಡುವ ಪ್ಲೈವುಡ್ ಸ್ಟ್ಯಾಂಡಿನ ಅಂಚಿನ ಪಟ್ಟಿ ಎದ್ದು ನಿಂತಿತ್ತು. ಆರ್‌ಸಿಸಿ ಮೋಲ್ಡ್ ಇರುವ ರೂಮು ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ಆಮೇಲೆ ಬಂದಿದ್ದು 2024ರ ಮಳೆಗಾಲ. ಗೌರಿ ಹಬ್ಬಕ್ಕೆ ಹಿತ್ತಾಳೆ ದೀಪದ ಕಂಬ ತರೋಣ ಅಂತ ಸೆಪ್ಟೆಂಬರ್ ಮೊದಲ ವಾರ ಹೋದೆ. ಶಟರ್ ಅರ್ಧ ಎತ್ತುವಷ್ಟರಲ್ಲೇ ಮುಗ್ಗಲು ವಾಸನೆ ಮುಖಕ್ಕೆ ಬಂತು. ಮುಂದಿನ ಸಾಲಿನ ಬಾಕ್ಸುಗಳ ಮೇಲೆ ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಒಂದು ಕಂದು ಗೆರೆ. ನೇರವಾಗಿ, ಸ್ಕೇಲ್ ಇಟ್ಟು ಎಳೆದ ಹಾಗೆ. ಆಗಸ್ಟ್‌ನಲ್ಲಿ ನೀರು ನುಗ್ಗಿ ಅಷ್ಟು ಎತ್ತರ ನಿಂತು, ಇಳಿದು ಹೋಗಿತ್ತು. ನಮಗೆ ಯಾರೂ ಒಂದು ಫೋನ್ ಮಾಡಿರಲಿಲ್ಲ. ಮೂರು ಸ್ಟಾರಿಗೆ ಇಳಿಯಲು ನಿಜವಾದ ಕಾರಣ ಇದೇ. ನೀರು ಬರುವುದು ಆಗುತ್ತದೆ. ಅವತ್ತೇ ಹೇಳಿದ್ದರೆ ಅರ್ಧ ಸಾಮಾನು ಉಳಿಯುತ್ತಿತ್ತು.

ಹಿಂದಿನ ಗೋಡೆ ಕಡೆ ಇದ್ದದ್ದಕ್ಕೆ ಏನೂ ಆಗಿರಲಿಲ್ಲ. ಅಲ್ಲಿ ಸಾಮಾನು ನೆಲಕ್ಕೆ ತಾಗದ ಹಾಗೆ ಮರದ ಪ್ಯಾಲೆಟ್ (ಹಲಗೆ ಚೌಕಟ್ಟು) ಹಾಕಿಸಿದ್ದೆವು. ಹಲಸಿನ ಪೆಟ್ಟಿಗೆಯನ್ನು ನಾಲ್ಕು ಇಟ್ಟಿಗೆ ಮೇಲೆ ಕೂರಿಸಿದ್ದೆವು. ಪ್ಯಾಲೆಟ್ ಸಾಲದೆ ಬಂದಾಗ, "ಅಕ್ಕಾ, ಇವು ಬಾಗಿಲ ಹತ್ರ ಕೆಳಗೇ ಇರಲಿ, ಬೇಕಂದಾಗ ಕೈಗೆ ಸಿಗ್ತಾವೆ" ಅಂತ ಹಮಾಲಿ ಹುಡುಗ ಅಂದ. ನನಗೂ ಸರಿ ಅನ್ನಿಸಿತ್ತು. ಹಾಗಾಗಿ ಯಾವುದು ನಮಗೆ ಹೆಚ್ಚು ಬೇಕಾಗಿತ್ತೋ ಅದೆಲ್ಲ ಶಟರ್ ಪಕ್ಕದಲ್ಲಿ, ಬರೀ ನೆಲದ ಮೇಲೆ ಇತ್ತು. ಮಗನ ಪುಸ್ತಕ, ಮನೆ ಪತ್ರಗಳ ಜೆರಾಕ್ಸ್, ಫೋಟೋ ಆಲ್ಬಂ.

ಆಲ್ಬಂ ಅತ್ತೆ-ಮಾವನವರ ಮದುವೆಯದ್ದು. ಕಪ್ಪು ಬಿಳುಪು ಫೋಟೋಗಳು, ಹಾಳೆ ನಡುವೆ ಬಟರ್ ಪೇಪರ್. ಕೆಳಗಿನ ಅಂಚು ನೆಂದು ಉಬ್ಬಿ, ಒಂದಕ್ಕೊಂದು ಅಂಟಿಕೊಂಡಿತ್ತು. ಮಾವನವರು ಬಾಸಿಂಗ ಕಟ್ಟಿಕೊಂಡು ಕೂತಿದ್ದ ಫೋಟೋದ ಮೂಲೆಯನ್ನು ನಾನು ಗಾಬರಿಯಲ್ಲಿ ಎಳೆದೆ. ಉಗುರಿನಷ್ಟು ಚೂರು ಬಟರ್ ಪೇಪರಿಗೇ ಅಂಟಿ ಬಂತು. ಅಲ್ಲಿಗೆ ನಿಲ್ಲಿಸಿ ಸ್ಟುಡಿಯೋಗೆ ಒಯ್ದೆ. ಅವರು ಎಳೆಯಲೇ ಬೇಡಿ ಅಂದರು. ತಟ್ಟೆಯಲ್ಲಿ ತಣ್ಣನೆ ಶುದ್ಧ ನೀರು ಹಾಕಿ ಅದರಲ್ಲಿ ನೆನೆಯಲು ಬಿಟ್ಟರು. ಸ್ವಲ್ಪ ಹೊತ್ತಿಗೆ ಫೋಟೋಗಳು ತಾವಾಗಿ ಸಡಿಲವಾದವು. ಒಂದೊಂದನ್ನೂ ಹತ್ತಿ ಬಟ್ಟೆ ಮೇಲೆ ಮುಖ ಮೇಲೆ ಮಾಡಿ, ಬಿಸಿಲಿಲ್ಲದ ಕಡೆ ಒಣಗಿಸಿದೆವು. 31 ಫೋಟೋಗಳಲ್ಲಿ 27 ಉಳಿದವು. ಅತ್ತೆ ಅವತ್ತು ಏನೂ ಮಾತಾಡಲಿಲ್ಲ. ಅದು ನನಗೆ ಇನ್ನೂ ನೋವು.

ಅವರು ಮಾತಾಡಿದ್ದು ಮುಂದಿನ ವಾರ, ಜಾಗ ನೋಡಬೇಕು ಅಂತ ಹಟ ಮಾಡಿ ಬಂದಾಗ. ಗುಬ್ಬಿ ಕಡೆಯ ಅವರ ಊರಿನಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಗುಂಡಿ ತೋಡಿ, ಸುತ್ತ ಹುಲ್ಲು ಕಟ್ಟಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಹೆದ್ದಾರಿ ಕಡೆ ನೋಡಿ, "ಹಗೇವು ತೋಡೋಕೆ ನಮ್ಮಪ್ಪ ದಿಣ್ಣೆ ಹುಡುಕ್ತಿದ್ರು. ನೀವು ಹಳ್ಳ ಹುಡುಕಿದ್ದೀರಲ್ಲಮ್ಮಾ" ಅಂದರು. ಬೈಗುಳದ ದನಿ ಇರಲಿಲ್ಲ. ಆದರೆ ಎರಡು ನಿಮಿಷದಲ್ಲಿ ಅವರಿಗೆ ಕಂಡಿದ್ದು ನಮಗೆ ಒಂದು ವರ್ಷ ಕಂಡಿರಲಿಲ್ಲ.

ಮಾಲೀಕರನ್ನು ಕೇಳಿದಾಗ ಕರಾರು ಪತ್ರ ತೋರಿಸಿದರು. ನೀರು, ಬೆಂಕಿ, ಹುಳುವಿನಿಂದ ಆದ ನಷ್ಟಕ್ಕೆ ನಾವು ಹೊಣೆಯಲ್ಲ ಅಂತ ಅದರಲ್ಲಿತ್ತು. ನಾವು ಸಹಿ ಹಾಕಿದ್ದೆವು. ವಕೀಲರಾಗಿರುವ ನೆಂಟರೊಬ್ಬರು ಒಂದು ವಿಷಯ ಬಿಡಿಸಿ ಹೇಳಿದರು. 1872ರ ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ, ಇನ್ನೊಬ್ಬರ ವಸ್ತುವನ್ನು ತಮ್ಮ ವಶಕ್ಕೆ ತಗೊಂಡವರು, ಸಾಮಾನ್ಯ ತಿಳಿವಳಿಕೆ ಇರುವವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ಆದರೆ ಬೀಗ ನಿಮ್ಮದೇ ಆದಾಗ, "ವಸ್ತು ನಮ್ಮ ವಶದಲ್ಲಿರಲಿಲ್ಲ, ನಾವು ಬರೀ ರೂಮು ಬಾಡಿಗೆಗೆ ಕೊಟ್ಟಿದ್ದೆವು" ಅಂತ ಅವರು ವಾದ ಮಾಡಬಹುದು ಅಂದರು. ಸ್ವಂತ ಬೀಗ ಅಂತ ನಾನು ಖುಷಿಪಟ್ಟಿದ್ದೆ, ಅದಕ್ಕೆ ಇಂಥದ್ದೊಂದು ಬೆಲೆ ಇದೆ ಅಂತ ಗೊತ್ತಿರಲಿಲ್ಲ. ವಿಮೆಯೂ ಇರಲಿಲ್ಲ. ಲಾರಿಯಲ್ಲಿ ಸಾಗಿಸುವಾಗ ಮಾಡಿಸಿದ್ದು ಸಾಮಾನು ಇಳಿಸಿದ ಕೂಡಲೇ ಮುಗಿದಿತ್ತು. ಕೊನೆಗೆ ಒಂದು ತಿಂಗಳ ಬಾಡಿಗೆ ಬಿಟ್ಟರು. ಶಟರ್ ಮುಂದೆ ಆರು ಇಂಚು ಕಟ್ಟೆ ಕಟ್ಟಿಸಿ, ಅಂಗಳದಲ್ಲಿ ಚರಂಡಿ ತೋಡಿಸಿದರು. ಅಕ್ಟೋಬರ್ ಮಳೆಗೆ ನೀರು ಒಳಗೆ ಬರಲಿಲ್ಲ. ಅದನ್ನೂ ಹೇಳಬೇಕು.

ಪ್ಯಾಕಿಂಗ್ ಬಗ್ಗೆ. ಹತ್ತಿ ಹಾಸಿಗೆಗಳಲ್ಲಿ ಒಂದನ್ನು ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಸುತ್ತಿದ್ದೆ, ಇನ್ನೊಂದಕ್ಕೆ ಹಳೆ ಬೆಡ್‌ಶೀಟ್ ಸಾಕು ಅಂದುಕೊಂಡಿದ್ದೆ. ಬೂಷ್ಟು ಹಿಡಿದಿದ್ದು ಪ್ಲಾಸ್ಟಿಕ್ ಸುತ್ತಿದ್ದಕ್ಕೇ. ಒಳಗಿನ ತೇವ ಹೊರಗೆ ಹೋಗಲಿಲ್ಲ. ವಾಷಿಂಗ್ ಮೆಷಿನ್ ಪೈಪಿನಲ್ಲಿರುವ ನೀರು ಪೂರ್ತಿ ಬಸಿದು, ಬಾಗಿಲು ಸ್ವಲ್ಪ ತೆರೆದೇ ಇಡಿ. ನಮ್ಮದು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಇನ್ವರ್ಟರ್ ಬ್ಯಾಟರಿಯನ್ನು ಮಾತ್ರ ಇಡಬೇಡಿ, ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಕೂತರೆ ಅದು ಸತ್ತೇ ಹೋಗುತ್ತದೆ. ದಿನಸಿ ಅಂಗಡಿಯ ಹಳೆ ಬಾಕ್ಸುಗಳಲ್ಲಿ ಜಿರಳೆ ಮೊಟ್ಟೆ ಇರುತ್ತವೆ, ಅಡುಗೆ ಪಾತ್ರೆಗೆ ಹೊಸ ಬಾಕ್ಸೇ ತನ್ನಿ. ಬಾಕ್ಸಿನ ನಂಬರು, ಒಳಗೇನಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಇನ್ನು ಲೆಕ್ಕ. ಮೊದಲ 11 ತಿಂಗಳು 3,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಅಂದರೆ 3,540. ಕರಾರು ಹೊಸದು ಮಾಡುವಾಗ ಶೇ. 10 ಏರಿಸಿದರು, 3,894 ಆಯಿತು. ಬಿಟ್ಟ ತಿಂಗಳು ಕಳೆದು ಒಟ್ಟು 62,304. ಎಸ್.ಎಸ್. ಪುರಂನಲ್ಲಿ ಎರಡು ಬೆಡ್‌ರೂಮಿನ ಮನೆ ಹಿಡಿದಿದ್ದರೆ ತಿಂಗಳಿಗೆ 5,000 ಜಾಸ್ತಿ ಆಗುತ್ತಿತ್ತು, 18 ತಿಂಗಳಿಗೆ 90,000. ಆ ಲೆಕ್ಕದಲ್ಲಿ ಉಳಿತಾಯವೇ. ಆದರೆ ನಮ್ಮ ಹಳೆ ಸೋಫಾ ಒಂದೇ ರೂಮಿನ ಐದನೇ ಒಂದು ಭಾಗ ಹಿಡಿದಿತ್ತು. ಅದರ ಪಾಲಿನ ಬಾಡಿಗೆ 12,000 ದಾಟುತ್ತದೆ. ಮಾರಿದ್ದರೆ 6,000 ಬರುತ್ತಿತ್ತು. ಸೋಫಾ, ಪ್ಲೈವುಡ್ ಸ್ಟ್ಯಾಂಡು ಇಂಥವನ್ನು ಮಾರಿಬಿಟ್ಟು ಚಿಕ್ಕ ರೂಮು ಹಿಡಿಯಬೇಕಿತ್ತು. ಮತ್ತೆ ಸಿಗದಂಥ ಸಾಮಾನಿಗೆ ಬಾಡಿಗೆ ಕೊಡಿ. ಅಂಗಡಿಯಲ್ಲಿ ಸಿಗುವುದಕ್ಕೆ ಸುಮ್ನೆ ಯಾಕೆ ಕೊಡಬೇಕು, ಅಲ್ವಾ?

ರೂಮು ಹುಡುಕುತ್ತಿರುವವರು ಒಂದು ಜೋರು ಮಳೆಯ ಮರುದಿನ ಹೋಗಿ. ಗೋಡೆಯ ಕೆಳಭಾಗದಲ್ಲಿ ಬಣ್ಣ ಉಬ್ಬಿದೆಯಾ ನೋಡಿ. ಬೇಸಿಗೆಯಲ್ಲೇ ಹುಡುಕುವುದಾದರೆ, ನೆಲಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದು ರಾತ್ರಿ ಬಿಡಲು ಕೇಳಿ. ಬೆಳಗ್ಗೆ ಹಾಳೆಯ ಕೆಳಗೆ ನೀರಿನ ಹನಿ ಇದ್ದರೆ ಆ ನೆಲ ತೇವ ಎಳೆಯುತ್ತದೆ. ಒಪ್ಪದಿದ್ದರೆ ಆ ಜಾಗ ಬಿಡಿ. ಪ್ಯಾಲೆಟ್ ಎಷ್ಟು ಕೊಡುತ್ತಾರೆ, ನೀರು ಬಂದರೆ ಅದೇ ದಿನ ಫೋನ್ ಮಾಡುತ್ತಾರಾ, ಎರಡನ್ನೂ ಕರಾರಿನಲ್ಲಿ ಬರೆಸಿ.

ಕಾರ್ತಿಕದಲ್ಲಿ ಗೃಹಪ್ರವೇಶ ಆಯಿತು, ನವೆಂಬರ್ ಕೊನೆಗೆ ರೂಮು ಖಾಲಿ ಮಾಡಿದೆವು. ಅಡ್ವಾನ್ಸ್ 6,000 ನಾಲ್ಕನೇ ದಿನ ಪೂರ್ತಿ ವಾಪಸ್ ಬಂತು. ಹಲಸಿನ ಪೆಟ್ಟಿಗೆಯನ್ನು ಹುಡುಗರು ಇಟ್ಟಿಗೆ ಮೇಲಿಂದ ಎತ್ತಿದಾಗ ಅತ್ತೆ ಬಗ್ಗಿ ಅದರ ತಳಕ್ಕೆ ಕೈಯಾಡಿಸಿ ನೋಡಿದರು. ಒಣಗಿತ್ತು.