ಹಿಂದಿನ ಬ್ರೇಕಿಗೆ ಕಡಿವಾಣ: ವಿಲ್‌ವುಡ್ 260-8419 ವಾಲ್ವ್

ಸೀಟು, ಕಾರ್ಪೆಟ್ ಕಿತ್ತು ಹಗುರ ಮಾಡಿದ ಟ್ರ್ಯಾಕ್ ಕಾರಿನಲ್ಲಿ ಹಿಂದಿನ ಚಕ್ರಗಳು ಬಹಳ ಬೇಗ ಜಾಮ್ ಆಗುತ್ತವೆ. ಬ್ರೇಕ್ ಒತ್ತಿಕೊಂಡೇ ತಿರುವಿಗೆ ಇಳಿದರೆ ಹಿಂಬದಿ ಬೀಸಿ ಗಾಡಿ ಗಿರಕಿ ಹೊಡೆಯುತ್ತದೆ. ಇದಕ್ಕೆ ಅಮೆರಿಕದ ಬ್ರೇಕ್ ಕಂಪನಿ ವಿಲ್‌ವುಡ್‌ನ ನಾಬ್ (ತಿರುಗುಗುಂಡಿ) ಇರುವ ಪ್ರೊಪೋರ್ಷನಿಂಗ್ ವಾಲ್ವ್ ನಂಬಬಹುದಾದ ಮದ್ದು. ಅದರ ಮಿತಿ ತಿಳಿದು ಕೊಳ್ಳಬೇಕು, ಅಷ್ಟೆ.

ಹಿಂದಿನ ಲೈನಿನ ಒತ್ತಡ ಒಂದು ಮಟ್ಟ ದಾಟಿದ ಮೇಲೆ ಅದರ ಏರಿಕೆಯನ್ನು ತಗ್ಗಿಸುವುದೊಂದೇ ಇದರ ಕೆಲಸ. ಆ ಮಟ್ಟವನ್ನು 100ರಿಂದ 1000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ನಡುವೆ ಇಟ್ಟುಕೊಳ್ಳಬಹುದು; ಹೆಚ್ಚೆಂದರೆ 57% ಇಳಿಸುತ್ತದೆ. ಆ ಮಟ್ಟದ ಕೆಳಗೆ ವಾಲ್ವ್ ಇದ್ದೂ ಇಲ್ಲದಂತೆ. ಮಳೆಯಲ್ಲಿ ಪೆಡಲನ್ನು ಮೆಲ್ಲಗೆ ಒತ್ತುವಾಗ ಮುಂದೆ-ಹಿಂದೆ ಬ್ರೇಕಿನ ಹಂಚಿಕೆ ಪೂರ್ತಿ ಕ್ಯಾಲಿಪರ್, ಡಿಸ್ಕ್, ಡ್ರಮ್‌ಗಳ ಅಳತೆಯ ಮೇಲೇ ನಿಂತಿರುತ್ತದೆ. ಅಲ್ಲೇ ತಪ್ಪಿದ್ದರೆ ಈ ನಾಬ್ ಏನೂ ಮಾಡದು. ಮೊದಲ ಒತ್ತಿನಿಂದಲೇ ಹಂಚಬೇಕೆಂದರೆ ಎರಡು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ), ಅವುಗಳಿಗೆ ಬಲ ಹಂಚುವ ಬ್ಯಾಲೆನ್ಸ್ ಬಾರ್ ಇರುವ ಪೆಡಲ್ ಬಾಕ್ಸೇ ಬೇಕು.

ಜನ ಎಡವುವುದು ಪೈಪಿನ ಕೆಲಸದಲ್ಲಿ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಲೈನುಗಳು ಅಡ್ಡಡ್ಡ: ಮುಂದಿನ ಎಡಕ್ಕೆ ಹಿಂದಿನ ಬಲ ಜೊತೆ. ಹಿಂದಿನ ಎರಡು ಪೈಪನ್ನೂ ಒಂದು ಟೀಗೆ (ಮೂರು ಬಾಯಿಯ ಜೋಡಣೆ) ಸೇರಿಸಿ ವಾಲ್ವ್ ಹಾಕಿದರೆ ಎರಡು ಸರ್ಕ್ಯೂಟುಗಳೂ ಒಂದಾಗಿಬಿಡುತ್ತವೆ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಮುಂದಿನ ಎರಡಕ್ಕೆ ಒಂದು ಸರ್ಕ್ಯೂಟ್, ಹಿಂದಿನ ಎರಡಕ್ಕೆ ಇನ್ನೊಂದು ಎಂದು ಹೊಸದಾಗಿ ಎಳೆಯಬೇಕು. ಆಗ ಮುಂದಿನ ಎರಡೂ ಕ್ಯಾಲಿಪರಿಗೆ ಒಂದೇ ಚೇಂಬರಿನ ಆಯಿಲ್ ಸಾಲದೆ ಪೆಡಲ್ ಆಳಕ್ಕೆ ಇಳಿಯಬಹುದು. ದೊಡ್ಡ ಬೋರಿನ ಮಾಸ್ಟರ್ ಸಿಲಿಂಡರ್ ಬೇಕಾದೀತು. ಕಂಪನಿ ಹಾಕಿದ ಹಳೇ ವಾಲ್ವ್ ತೆಗೆದುಬಿಡಿ, ಸಾಲಾಗಿ ಎರಡು ಬೇಡ.

ವಾಲ್ವಿನ ತೂತು 1/8 ಇಂಚಿನ ಎನ್‌ಪಿಟಿ (ಮೊನಚಾಗುತ್ತಾ ಹೋಗುವ ಅಮೆರಿಕನ್ ಪೈಪ್ ಥ್ರೆಡ್), ಜಪಾನಿ ಮೂಲದ ಕಾರುಗಳ ನಟ್ಟು ಎಂ10x1 (10 ಮಿ.ಮೀ. ಮೆಟ್ರಿಕ್ ಥ್ರೆಡ್). ಅಡಾಪ್ಟರ್ ಇಲ್ಲದೆ ಕೂರದು. ಎನ್‌ಪಿಟಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಎಳೆ ಕಿತ್ತು ವಾಲ್ವಿನ ಒಳಗೆ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಆಯಿಲಿಗೆ ಕರಗದ ದ್ರವ ಸೀಲೆಂಟ್ ಹಚ್ಚಿ. 3/16 ಇಂಚಿನ ಕ್ಯುಪ್ರೊನಿಕಲ್ (ತಾಮ್ರ-ನಿಕಲ್ ಮಿಶ್ರಲೋಹ) ಪೈಪ್ ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯದು. 45 ಡಿಗ್ರಿ ಡಬಲ್ ಫ್ಲೇರ್ (ಪೈಪಿನ ಬಾಯಿ ಅಗಲಿಸಿ ಎರಡು ಪದರವಾಗಿ ಮಡಚುವುದು) ಮಾಡಿದ ಮೇಲೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಕೂದಲೆಳೆಯಷ್ಟು ಬಿರುಕಿದ್ದರೂ ಕತ್ತರಿಸಿ ಹೊಸದು ಮಾಡಿ. ರೇಸ್ ಕಾರುಗಳಲ್ಲಿ ಬಳಸುವ 37 ಡಿಗ್ರಿಯ ಎಎನ್ ಫಿಟ್ಟಿಂಗ್‌ಗೆ 45 ಡಿಗ್ರಿಯ ಪೈಪ್ ಕೂರಿಸಿದರೆ ಎಷ್ಟು ಬಿಗಿ ಮಾಡಿದರೂ ಜಿನುಗುತ್ತದೆ.

ನಾಬನ್ನು ಬಲಕ್ಕೆ ತಿರುಗಿಸಿದಷ್ಟೂ ಹಿಂದಿನ ಒತ್ತಡ ಹೆಚ್ಚು. ಬಲಕ್ಕೆ ಪೂರ್ತಿ ತಿರುಗಿಸಿಟ್ಟು ಬ್ರೇಕ್ ಲೈನಿನ ಗಾಳಿ ತೆಗೆಯಿರಿ. ಆಮೇಲೆ ಎಡಕ್ಕೆ ಪೂರ್ತಿ ಬಿಚ್ಚಿ, ಟೈರು, ಬ್ರೇಕ್ ಬಿಸಿಯಾದ ಮೇಲೆ, ನೇರ ಹಾದಿಯಲ್ಲಿ 80 ಕಿ.ಮೀ. ವೇಗದಿಂದ ಗಟ್ಟಿಯಾಗಿ ಒತ್ತಿ. ಹೊರಗೆ ನಿಂತವರೊಬ್ಬರು ಚಕ್ರ ನೋಡಲಿ. ಪ್ರತಿ ಸಲ ಅರ್ಧ ಸುತ್ತು ಬಲಕ್ಕೆ. ಹಿಂದಿನದು ಮೊದಲು ಜಾಮ್ ಆದ ತಕ್ಷಣ ಒಂದು ಸುತ್ತು ವಾಪಸ್.

ನಾಬಿನ ಮೇಲೆ ಅಂಕಿಗಳಿಲ್ಲದ್ದು ದೊಡ್ಡ ಕೊರತೆ. ಬಿಳಿ ಪೇಂಟಿನ ಗೆರೆ ಎಳೆದು, ಟ್ರ್ಯಾಕಿಗೊಂದರಂತೆ ಸುತ್ತುಗಳ ಲೆಕ್ಕ ಬರೆದಿಡಿ.