ಎದೆಯುರಿಗೆ ಯಾವ ಔಷಧ: ಆಂಟಾಸಿಡ್, ಫ್ಯಾಮೊಟಿಡಿನ್, ಒಮೆಪ್ರಜೋಲ್

ಎಂದಾದರೊಮ್ಮೆ ಊಟದ ನಂತರ ಕಾಣಿಸಿಕೊಳ್ಳುವ ಎದೆಯುರಿಗೆ ಸಾಮಾನ್ಯವಾಗಿ ಆಂಟಾಸಿಡ್ ಸಾಕು. ಅದರಲ್ಲಿನ ಲವಣಗಳು ಜಠರದಲ್ಲಿ ಈಗಾಗಲೇ ಇರುವ ಆಮ್ಲವನ್ನು ತಟಸ್ಥಗೊಳಿಸುವುದರಿಂದ ಕೆಲವೇ ನಿಮಿಷಗಳಲ್ಲಿ ಉಪಶಮನ ದೊರೆಯುತ್ತದೆ. ಆದರೆ ಹೊಸ ಆಮ್ಲದ ಉತ್ಪತ್ತಿಯನ್ನು ಅದು ತಡೆಯದ ಕಾರಣ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೆಗ್ನೀಸಿಯಂ ಭೇದಿಯನ್ನೂ ಅಲ್ಯೂಮಿನಿಯಂ ಮಲಬದ್ಧತೆಯನ್ನೂ ಉಂಟುಮಾಡಬಹುದಾದ್ದರಿಂದ ಹಲವು ಸಿರಪ್‌ಗಳಲ್ಲಿ ಎರಡನ್ನೂ ಬೆರೆಸಿರುತ್ತಾರೆ. ಥೈರಾಯ್ಡ್ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಹಾಗೂ ಕೆಲವು ಆಂಟಿಬಯೋಟಿಕ್‌ಗಳು ದೇಹಕ್ಕೆ ಸೇರುವುದನ್ನು ಆಂಟಾಸಿಡ್ ಕುಗ್ಗಿಸುತ್ತದೆ. ಆದ್ದರಿಂದ ನಡುವೆ ಕೆಲವು ಗಂಟೆಗಳ ಅಂತರ ಬೇಕು.

ಆಮ್ಲ ಸ್ರವಿಸುವಂತೆ ಜಠರದ ಕೋಶಗಳನ್ನು ಪ್ರಚೋದಿಸುವ ಹಿಸ್ಟಮಿನ್‌ಗೆ ಫ್ಯಾಮೊಟಿಡಿನ್ ತಡೆಯೊಡ್ಡುತ್ತದೆ. ಸುಮಾರು ಒಂದು ಗಂಟೆಯೊಳಗೆ ಆರಂಭವಾಗುವ ಇದರ ಪ್ರಭಾವ 10ರಿಂದ 12 ಗಂಟೆ ಇರುವುದರಿಂದ ರಾತ್ರಿಯ ಉರಿಗೆ ಇದು ಒಳ್ಳೆಯ ಆಯ್ಕೆ. ನಿತ್ಯ ಸೇವಿಸಿದರೆ ಪ್ರಭಾವ ಕುಗ್ಗುತ್ತದೆ.

ವಾರಕ್ಕೆ ಎರಡು ಅಥವಾ ಹೆಚ್ಚು ದಿನ ಕಾಡುವ ಎದೆಯುರಿಗೆ ಒಮೆಪ್ರಜೋಲ್ ಮೇಲು. ಆಮ್ಲವನ್ನು ಹೊರಹಾಕುವ ಪ್ರೋಟಾನ್ ಪಂಪ್‌ಗಳನ್ನೇ ಅದು ನಿಷ್ಕ್ರಿಯಗೊಳಿಸುತ್ತದೆ. ಆದರೆ ಚುರುಕಾಗಿರುವ ಪಂಪ್‌ಗಳ ಮೇಲಷ್ಟೇ ಕೆಲಸ ಮಾಡುವುದರಿಂದ ಬೆಳಗಿನ ಆಹಾರಕ್ಕೆ 30ರಿಂದ 60 ನಿಮಿಷ ಮುಂಚೆ ನುಂಗಬೇಕು, ಪೂರ್ಣ ಪರಿಣಾಮಕ್ಕೆ 1ರಿಂದ 4 ದಿನ ಕಾಯಬೇಕು. ಉರಿ ಬಂದಾಗ ಮಾತ್ರ ನುಂಗುವ ರೂಢಿ ಇದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ವೈದ್ಯರ ಸಲಹೆಯಿಲ್ಲದೆ 14 ದಿನ ಮೀರಿ ಮುಂದುವರಿಸಬಾರದು. ದೀರ್ಘಕಾಲದ ಬಳಕೆಯಿಂದ ಬಿ12 ಮತ್ತು ಮೆಗ್ನೀಸಿಯಂ ಕೊರತೆ ಉಂಟಾಗಬಹುದು, ಥಟ್ಟನೆ ನಿಲ್ಲಿಸಿದಾಗ ಆಮ್ಲ ಮತ್ತೆ ಹೆಚ್ಚಬಹುದು.

ನುಂಗಲು ತೊಂದರೆ, ಕಪ್ಪು ಮಲ ಅಥವಾ ಅಕಾರಣ ತೂಕನಷ್ಟವಿದ್ದರೆ ಈ ಆಯ್ಕೆಯನ್ನು ವೈದ್ಯರಿಗೇ ಬಿಡಬೇಕು; ತೋಳಿಗೆ ಹರಡುವ ಎದೆನೋವಿಗಂತೂ ತುರ್ತು ಚಿಕಿತ್ಸೆಯೇ ಬೇಕು.