ಫೈಬರ್ ಕಿತ್ತು ತೋರಿಸಿ ಎನ್ನಿ, ಆಮೇಲೆ ಹಣ ಕೊಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಸ್ವಂತ ಫೈಬರ್ ಎಳೆದು ಇಂಟರ್ನೆಟ್ ಕೊಡುತ್ತಿರುವ ಸಣ್ಣ ಕೇಬಲ್ ಆಪರೇಟರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ಊರಲ್ಲೇ ಕುಳಿತು ದೂರದ ಪೆಟ್ಟಿಗೆಗಳನ್ನೆಲ್ಲ ನೋಡಿಕೊಳ್ಳಬಹುದು, ಯಾರೂ ಓಡಾಡಬೇಕಾಗಿಲ್ಲ’ ಎಂದು ಹೇಳಿಕೊಂಡು ಟ್ರಾನ್ಸ್‌ಪಾಂಡರ್ (ಫೈಬರಿನ ಬೆಳಕನ್ನು ಹೊಸದಾಗಿಸಿ ಮುಂದಕ್ಕೆ ಕಳಿಸುವ ಸಾಧನ) ಮಾರುವವರು ನಿಮ್ಮಲ್ಲಿಗೂ ಬರುತ್ತಾರೆ. ನಮ್ಮಲ್ಲಿಗೂ ಬಂದಿದ್ದರು. ನಮ್ಮ ಮಾಲೀಕರು ನಂಬಿದರು, ತಾಂತ್ರಿಕ ಕೆಲಸ ನೋಡಿಕೊಳ್ಳುವ ನಾನೂ ನಂಬಿದೆ. ಮೇ ತಿಂಗಳ ಒಂದು ರಾತ್ರಿ ಬೀದರಿನ ನಮ್ಮ ಗಿರಾಕಿಗಳೆಲ್ಲ ನಾಲ್ಕೂವರೆ ಗಂಟೆ ಸಂಪರ್ಕವಿಲ್ಲದೆ ಉಳಿದರು.

ನಮ್ಮ ಲೈನು ಕಲಬುರಗಿಯಿಂದ ಕಮಲಾಪುರ ಹಾದು ಹುಮನಾಬಾದಿಗೆ, ಅಲ್ಲಿಂದ ಬೀದರಿಗೆ ಹೋಗುತ್ತದೆ. 1550 ನ್ಯಾನೋಮೀಟರಿನ ಬೆಳಕು ಒಳ್ಳೆಯ ಫೈಬರಿನಲ್ಲೂ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಕ್ಷೀಣಿಸುತ್ತದೆ. ಪ್ರತಿ 3 ಡೆಸಿಬೆಲ್‌ಗೆ ಬೆಳಕು ಅರ್ಧವಾಗುತ್ತದೆ. ಹಾಗಾಗಿ ಹುಮನಾಬಾದಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಎರಡು ಟ್ರಾನ್ಸ್‌ಪಾಂಡರ್ ಕಾರ್ಡುಗಳನ್ನು ಕೂರಿಸಿದ್ದೆವು. ಒಂದು ಕಾರ್ಡಿನ ಮುಖ ಕಲಬುರಗಿಯತ್ತ, ಇನ್ನೊಂದರದು ಬೀದರಿನತ್ತ. ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿಸಿ, ತಿದ್ದಿ, ಹೊಸ ಬೆಳಕಾಗಿ ಮುಂದಕ್ಕೆ ಕಳಿಸುವುದು ಅವುಗಳ ಕೆಲಸ. ಕೋಣೆಗೆ ಮನೆಯ ಯಜಮಾನರೇ ಬೀಗ ಹಾಕಿಕೊಂಡಿದ್ದರು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಕಲಬುರಗಿಯ ಕಚೇರಿಯ ಪರದೆಯ ಮೇಲೆ ಮೂರು ಊರುಗಳ ಮೂರು ಹಸಿರು ಚುಕ್ಕೆಗಳಿದ್ದವು, ನಮಗೆ ಅಷ್ಟೇ ಸಾಕಾಗಿತ್ತು.

ಆ ಹಸಿರು ಚುಕ್ಕೆಗೆ ಏನು ಅರ್ಥ ಎಂದು ಖರೀದಿಯ ದಿನವೇ ಕೇಳಬೇಕಿತ್ತು. ‘ನಾನು ಕರೆದೆ, ಪೆಟ್ಟಿಗೆ ಓಗೊಟ್ಟಿತು’ ಎಂಬುದಷ್ಟೇ ಅದರ ಅರ್ಥ. ಬೆಳಕು ಎಷ್ಟು ಬರುತ್ತಿದೆ, ಎಷ್ಟು ತಪ್ಪುಗಳನ್ನು ತಿದ್ದಲಾಗುತ್ತಿದೆ, ಪೆಟ್ಟಿಗೆ ಎಷ್ಟು ಬಿಸಿಯಾಗಿದೆ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹುಮನಾಬಾದಿನ ಕಾರ್ಡಿಗೆ ಮೊದಲು ಮೈನಸ್ 14 ಡಿಬಿಎಂ (ಬೆಳಕಿನ ಬಲದ ಅಳತೆ, ಮೈನಸ್ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ) ಬೆಳಕು ಬರುತ್ತಿತ್ತು. ಮೂರು ವಾರಗಳಲ್ಲಿ ಅದು ಮೈನಸ್ 19ಕ್ಕೆ, ಆಮೇಲೆ ಮೈನಸ್ 23ಕ್ಕೆ ಇಳಿದಿತ್ತು. ನಮ್ಮ ಕಾರ್ಡಿನ ಮಿತಿ ಮೈನಸ್ 24. ತಂತ್ರಾಂಶ ಈ ಅಂಕಿಗಳನ್ನೆಲ್ಲ ಗಂಟೆಗಂಟೆಗೂ ಬರೆದಿಟ್ಟಿತ್ತು. ಆದರೆ ಇಷ್ಟು ಇಳಿದರೆ ಕೂಗು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಗಿರಾಕಿಗಳು ಅಲ್ಲಿಯ ತನಕ ದೂರದೇ ಇದ್ದದ್ದಕ್ಕೆ ಕಾರಣ ಫೆಕ್, ಅಂದರೆ ತಪ್ಪು ತಿದ್ದುವ ವ್ಯವಸ್ಥೆ. ಫೈಬರ್ ಜಾಲಗಳ ಜಿ.709 ಎಂಬ ಮಾನದಂಡದ ಸಾಮಾನ್ಯ ಫೆಕ್‌ನಲ್ಲಿ 239 ಬೈಟ್ ಮಾಹಿತಿಗೆ 16 ಬೈಟ್ ಕಾವಲು ಸೇರಿ 255 ಬೈಟುಗಳ ಒಂದು ಕಟ್ಟಾಗುತ್ತದೆ. ಒಂದು ಕಟ್ಟಿನಲ್ಲಿ 8 ಬೈಟ್ ಕೆಟ್ಟರೂ ಅದು ತಿದ್ದಿಬಿಡುತ್ತದೆ. ಒಂಬತ್ತನೆಯದು ಕೆಟ್ಟಿತೋ, ಕೈ ಚೆಲ್ಲುತ್ತದೆ. ನಮ್ಮ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಟೆ ರೋಗದ ಶಿಲೀಂಧ್ರ ಬೇರಿಗೆ ಹೊಕ್ಕ ಮೇಲೂ ತೊಗರಿ ಗಿಡ ಬಹುಕಾಲ ಹಸಿರಾಗಿಯೇ ನಿಂತಿರುತ್ತದೆ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಬಾಡಿ ಒಣಗುತ್ತದೆ. ತಿದ್ದುವ ಮೊದಲು ಎಷ್ಟು ತಪ್ಪುಗಳಿದ್ದವು ಎಂಬ ಲೆಕ್ಕವೇ ಬೇರಿನ ಸ್ಥಿತಿಯನ್ನು ಹೇಳುವುದು. ಪರದೆಯ ಮೇಲೆ ಆ ಲೆಕ್ಕ ನಾಲ್ಕು ಪುಟಗಳ ಒಳಗೆ ಅಡಗಿತ್ತು. ಆ ರಾತ್ರಿಯ ತನಕ ನಾನು ಅದನ್ನು ತೆರೆದು ನೋಡಿರಲಿಲ್ಲ.

ರಾತ್ರಿ ಹನ್ನೊಂದು ದಾಟಿದ ಮೇಲೆ ಬೀದರಿನಿಂದ ಕರೆಗಳು ಬರತೊಡಗಿದವು. ಲೈನು ಪೂರ್ತಿ ಹೋಗಿರಲಿಲ್ಲ, ತಡವರಿಸುತ್ತಿತ್ತು. ಮನೆಯಿಂದಲೇ ಹುಮನಾಬಾದಿನ ಕಾರ್ಡಿನೊಳಗೆ ಹೋದೆ. ತಿದ್ದಲಾಗದ ತಪ್ಪುಗಳ ಅಂಕಿ ಏರುತ್ತಿತ್ತು. ಕಲಬುರಗಿಯತ್ತ ಮುಖ ಮಾಡಿದ ಕಾರ್ಡನ್ನು ಒಮ್ಮೆ ಮರುಚಾಲನೆ ಮಾಡೋಣ ಎನ್ನಿಸಿತು. ಇಂಥ ಕಾರ್ಡುಗಳಲ್ಲಿ ಎರಡು ಬಗೆಯ ಮರುಚಾಲನೆ ಇರುತ್ತದೆ. ವಾರ್ಮ್ ಎಂಬುದು ನಿಯಂತ್ರಣದ ಭಾಗವನ್ನಷ್ಟೇ ಎಬ್ಬಿಸುತ್ತದೆ, ಸಂಚಾರ ನಿಲ್ಲುವುದಿಲ್ಲ. ಕೋಲ್ಡ್ ಎಂಬುದು ಇಡೀ ಕಾರ್ಡನ್ನು ಆರಿಸಿ ಹೊತ್ತಿಸುತ್ತದೆ. ನಾನು ಕೋಲ್ಡ್ ಒತ್ತಿದೆ, ಆಗ ಗಂಟೆ 11.40.

ಕಾರ್ಡು ಎದ್ದಿತು, ಲೇಸರ್ ಹೊತ್ತಲಿಲ್ಲ. ಅಳವಡಿಸಿದವರು ತರಂಗಾಂತರವನ್ನೂ ಲೇಸರನ್ನೂ ಹೊಂದಿಸಿ ಹೋಗಿದ್ದರೇ ಹೊರತು ಅದನ್ನು ಶಾಶ್ವತ ಸ್ಮೃತಿಯಲ್ಲಿ ಉಳಿಸಿರಲಿಲ್ಲ. ಕಾರ್ಖಾನೆಯಿಂದ ಬಂದ ಸ್ಥಿತಿಗೆ ಅದು ಮರಳಿತ್ತು, ಆ ಸ್ಥಿತಿಯಲ್ಲಿ ಲೇಸರ್ ಆರಿರುತ್ತದೆ. ಒಂದು ಆಜ್ಞೆ ಕೊಟ್ಟರೆ ಹೊತ್ತಿಕೊಳ್ಳುತ್ತಿತ್ತು. ಆದರೆ ಆಜ್ಞೆ ಹೋಗಬೇಕಾದ ದಾರಿಯೂ ಅದೇ ಬೆಳಕೇ ಆಗಿತ್ತು! ನಿರ್ವಹಣೆಯ ಸಂಪರ್ಕವೆಲ್ಲ ಗಿರಾಕಿಗಳ ಸಂಚಾರ ಹೋಗುವ ಸಂಕೇತದೊಳಗಿನ ಜಿಸಿಸಿ ಎಂಬ ಸಣ್ಣ ಕಾಲುವೆಯಲ್ಲಿ ಹರಿಯುತ್ತಿತ್ತು. ಬೆಳಕು ಆರಿದೊಡನೆ ಹುಮನಾಬಾದ್ ಕಾಣೆಯಾಯಿತು, ಅದರಾಚೆಗಿದ್ದ ಬೀದರೂ ಕಾಣೆಯಾಯಿತು. ‘ದೂರದಿಂದ ನೋಡಿಕೊಳ್ಳಬಹುದು’ ಎಂಬ ಮಾತು ಎಲ್ಲ ಸರಿಯಿದ್ದಾಗ ಮಾತ್ರ ನಿಜ. ಕೆಟ್ಟಾಗಲೇ ತಾನೇ ನಮಗೆ ಅದು ಬೇಕಾಗುವುದು? ಈ ಮಾತನ್ನು ಮಾರುವವರು ಹೇಳುವುದಿಲ್ಲ, ನೀವೇ ಕೇಳಬೇಕು.

ಬೀದರಿನ ಒಂದು ಆಸ್ಪತ್ರೆ ನಮ್ಮ ಗಿರಾಕಿ. ರಾತ್ರಿಯ ಸ್ಕ್ಯಾನುಗಳನ್ನು ಅವರು ಕಲಬುರಗಿಯ ವೈದ್ಯರಿಗೆ ಕಳಿಸಿ ವರದಿ ಪಡೆಯುತ್ತಾರೆ. ದಾರಿಯಲ್ಲಿದ್ದಾಗ ಅಲ್ಲಿನ ನರ್ಸ್ ಒಬ್ಬರು ನನಗೆ ಮೂರು ಸಲ ಕರೆ ಮಾಡಿದರು. ‘ಅಣ್ಣಾ, ಇನ್ನೂ ಎಷ್ಟು ಹೊತ್ತು? ಪೆಟ್ಟಾದವರು ಮಲಗಿದ್ದಾರೆ’ ಎಂದರು. ಕೊನೆಗೆ ರೋಗಿಯನ್ನೇ ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ಕರೆದೊಯ್ದರು. ಅವರು ಬದುಕಿದರು. ಆದರೂ ಆ ಮೂರು ಕರೆಗಳು ನನ್ನ ಕಿವಿಯಿಂದ ಹೋಗಿಲ್ಲ.

ಹುಮನಾಬಾದ್ ಮುಟ್ಟಿ, ಯಜಮಾನರನ್ನು ಎಬ್ಬಿಸಿ, ‘ಕಾಕಾ, ತಪ್ಪು ತಿಳಿಯಬೇಡಿ, ಬೀಗ ತೆಗೆಯಿರಿ’ ಎಂದು ಕೈಮುಗಿದು ಒಳಗೆ ಹೋದರೆ ಕೋಣೆ ಕಾದ ಹಂಚಿನಂತಿತ್ತು. ಫ್ಯಾನಿನ ಜಾಲರಿಗೆ ದೂಳು ಮೆತ್ತಿಕೊಂಡಿತ್ತು. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕೋಣೆಯ ಪಾಡು ಕೇಳಬೇಕೆ! ಇದು ಬರೀ ಬಿಸಿಯ ಮಾತಲ್ಲ. ಇಂಥ ಲೇಸರಿನ ತರಂಗಾಂತರ ಪ್ರತಿ ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್ ಸರಿಯುತ್ತದೆ. 100 ಗಿಗಾಹರ್ಟ್ಸ್ ಅಂತರದ ಡಿಡಬ್ಲ್ಯುಡಿಎಂ ಲೈನಿನಲ್ಲಿ, ಅಂದರೆ ಒಂದೇ ಫೈಬರಿನಲ್ಲಿ ಹಲವು ತರಂಗಾಂತರಗಳ ಬೆಳಕು ಹೋಗುವ ಲೈನಿನಲ್ಲಿ, ಪಕ್ಕದ ಚಾನೆಲ್ ಇರುವುದೇ 0.8 ನ್ಯಾನೋಮೀಟರ್ ಆಚೆ. ಅದನ್ನು ಹಿಡಿದಿಡಲು ಲೇಸರಿನೊಳಗೆ ಪುಟ್ಟ ತಂಪುಕಾರಕ ಇರುತ್ತದೆ, ಅದು ಸೋಲುವ ತನಕ ಬಿಡಬಾರದು. ಕಾರ್ಡು ಬಿಸಿಯ ಎಚ್ಚರಿಕೆಯನ್ನು ಹನ್ನೆರಡು ದಿನಗಳಿಂದ ಕಳಿಸುತ್ತಲೇ ಇತ್ತು. ಮಾರಿದವರ ಹಳೆಯ ಸರ್ವರಿನ ವಿಳಾಸಕ್ಕೆ! ಪೆಟ್ಟಿಗೆಗಳ ಮೇಲೆ ದೂರದಿಂದ ನಿಗಾ ಇಡುವ ಎಸ್‌ಎನ್‌ಎಂಪಿ ಎಂಬ ಪದ್ಧತಿಯಲ್ಲಿ ಟ್ರ್ಯಾಪ್ ಎಂಬ ಎಚ್ಚರಿಕೆ ಸ್ವೀಕೃತಿ ಕೇಳದ ಅಂಚೆ, ತಲುಪಿತೋ ಇಲ್ಲವೋ ಕಳಿಸಿದ ಪೆಟ್ಟಿಗೆಗೆ ತಿಳಿಯುವುದಿಲ್ಲ. ಇನ್ಫಾರ್ಮ್ ಎಂಬ ಇನ್ನೊಂದು ಬಗೆ ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಇದ್ದರೆ ಅದನ್ನೇ ಹಾಕಿ.

ಜೊತೆಗೆ ಬಂದಿದ್ದ ಹುಡುಗ ಬೆಳಕು ಬರುತ್ತಿದೆಯೇ ಎಂದು ನೋಡಲು ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿಯಹೊರಟ. ಕೈ ಹಿಡಿದು ತಡೆದೆ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಮಾತ್ರ ಕೆಡಿಸಬಲ್ಲದು. ನಿಮ್ಮ ಹುಡುಗರಿಗೆ ದಯವಿಟ್ಟು ಇವತ್ತೇ ಹೇಳಿ, ಬೆಳಕು ಅಳೆಯುವ ಪವರ್ ಮೀಟರ್ ಕೊಡಿಸಿ.

ಲೇಸರ್ ಹೊತ್ತಿಸಿ, ಕನೆಕ್ಟರ್ ಒರೆಸಿ, ಎರಡು ಡೆಸಿಬೆಲ್ ಗಳಿಸಿಕೊಂಡು ಲೈನು ಎಬ್ಬಿಸಿದಾಗ 4.10. ಮರುದಿನ ಓಟಿಡಿಆರ್ (ಫೈಬರಿನಲ್ಲಿ ನಷ್ಟ ಎಲ್ಲಿದೆ ಎಂದು ತೋರಿಸುವ ಉಪಕರಣ) ಇಟ್ಟು ನೋಡಿದೆವು. ಕಮಲಾಪುರದ ಬಳಿ ರಸ್ತೆ ಕೆಲಸದಲ್ಲಿ ಕೇಬಲ್ ಮಡಚಿಕೊಂಡಿತ್ತು. 1310 ನ್ಯಾನೋಮೀಟರಿನ ಬೆಳಕಿನಲ್ಲಿ ನಷ್ಟ ಕಾಣುತ್ತಲೇ ಇರಲಿಲ್ಲ, 1550ರಲ್ಲಿ ಎದ್ದು ಕಾಣುತ್ತಿತ್ತು. ಜಾಯಿಂಟ್ ಕೆಟ್ಟಿದ್ದರೆ ಎರಡರಲ್ಲೂ ಕಾಣಬೇಕು.

ಈಗ ಹುಮನಾಬಾದಿನಲ್ಲೂ ಬೀದರಿನಲ್ಲೂ ಸಿಮ್ ಹಾಕಿದ 4ಜಿ ರೂಟರ್ ಇದೆ, ಅದರಿಂದ ಕಾರ್ಡಿಗೆ ನೇರವಾಗಿ ಆಜ್ಞೆ ಕೊಡುವ ಕಿಂಡಿಗೆ, ಅಂದರೆ ಕನ್ಸೋಲ್ ಪೋರ್ಟಿಗೆ, ತಂತಿ ಇದೆ. ಇದರಲ್ಲೂ ಒಮ್ಮೆ ಮೋಸಹೋದೆವು. ಮೊದಲು ಹಾಕಿದ ಸಿಮ್‌ನ ಟವರಿಗೆ ಹೋಗುವ ಫೈಬರ್ ನಮ್ಮ ಕೇಬಲ್ ಹೂತಿರುವ ಅಗೆತದಲ್ಲೇ ಇತ್ತು. ಜೆಸಿಬಿ ಬಂದ ದಿನ ಎರಡೂ ಒಟ್ಟಿಗೆ ಹೋದವು. ಟವರ್ ಯಾವ ದಾರಿಯಿಂದ ಸಂಪರ್ಕ ಪಡೆಯುತ್ತದೆ ಎಂದು ವಿಚಾರಿಸಿಯೇ ಸಿಮ್ ತೆಗೆದುಕೊಳ್ಳಿ. ಸಾಮಾನ್ಯ ಸಿಮ್‌ಗೆ ಹೊರಗಿನಿಂದ ನೇರವಾಗಿ ತಲುಪಲು ಆಗುವುದಿಲ್ಲ, ರೂಟರೇ ನಿಮ್ಮ ಕಚೇರಿಗೆ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿ) ಕಟ್ಟಿಕೊಳ್ಳುವಂತೆ ಮಾಡಿ. ಹೊಸ ಲೈನು ಎದ್ದ ದಿನದ ಅಂಕಿಗಳನ್ನು ಬರೆದಿಡಿ, ಅದರಿಂದ ಎರಡು ಡೆಸಿಬೆಲ್ ಇಳಿದರೂ ನಿಮ್ಮ ಮೊಬೈಲ್ ಕೂಗಬೇಕು. ಮಾರಿದವರು ಬಿಟ್ಟುಹೋದ ‘ಪಬ್ಲಿಕ್’ ಎಂಬ ಗುಪ್ತಪದವನ್ನು ಅಂದೇ ಕಿತ್ತುಹಾಕಿ. ಎಸ್‌ಎನ್‌ಎಂಪಿ ಎರಡನೆಯ ಆವೃತ್ತಿ ಅದನ್ನು ಮುಚ್ಚದೆ ಬಯಲಲ್ಲೇ ಕಳಿಸುತ್ತದೆ, ಮೂರನೆಯದರಲ್ಲಿ ಗೂಢಲಿಪಿ ಇದೆ.

ಹೋದ ವಾರ ಶಹಾಪುರದ ಆಪರೇಟರ್ ಒಬ್ಬರು ಕರೆ ಮಾಡಿದ್ದರು. ಯಾದಗಿರಿಗೆ ಲೈನು ಹಾಕುತ್ತಿದ್ದಾರೆ, ಅವರ ಬಳಿಗೂ ಅದೇ ಹಸಿರು ಚುಕ್ಕೆಯ ಪರದೆ ಬಂದಿದೆ. ಒಂದೇ ಮಾತು ಹೇಳಿದೆ: ‘ಮುಂಗಡ ಕೊಡುವ ಮೊದಲು ಅವರ ಮುಂದೆಯೇ ಫೈಬರ್ ಕೀಳಿರಿ. ಕಿತ್ತ ಮೇಲೆ ಆಚೆ ಕಡೆಯ ಪೆಟ್ಟಿಗೆಯನ್ನು ತೋರಿಸಿ ಎನ್ನಿ.’ ಸಂಜೆ ಮತ್ತೆ ಕರೆ ಬಂತು. ಫೈಬರ್ ಕೀಳಲು ಮಾರುವವರು ಒಪ್ಪಲಿಲ್ಲವಂತೆ. ಇವರೂ ಹಣ ಕೊಡಲಿಲ್ಲ.